ಯಲ್ಲಾಪ್ರಗಡ ಸುಬ್ಬರಾವ್

ಯಲ್ಲಾಪ್ರಗಡ ಸುಬ್ಬರಾವ್ (ಜನವರಿ 12, 1895 – ಆಗಸ್ಟ್ 8, 1948) ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಜೀವರಸಾಯನ ವಿಜ್ಞಾನಿ. ಸ್ನಾಯುಗಳಲ್ಲಿ ಫಾಸ್ಫೋಕ್ರಿಯಾಟಿನ್ ಮತ್ತು ಎಟಿಪಿ ಎಂಬ ಶಕ್ತಿವಾಹಕ ಸಂಯುಕ್ತಗಳು ಇರುವುದನ್ನು ಕಂಡುಹಿಡಿದವರಲ್ಲಿ ಇವರು ಒಬ್ಬರು. ಫೋಲಿಕ್ ಆಮ್ಲದ ಸಂಶ್ಲೇಷಣೆ, ಆನೆಕಾಲು ರೋಗಕ್ಕೆ ನೀಡುವ ಡೈಈಥೈಲ್‌ಕಾರ್ಬಮಜೀನ್, ಮೊದಲ ಟೆಟ್ರಾಸೈಕ್ಲಿನ್ ವರ್ಗದ ಪ್ರತಿಜೀವಕವಾದ ಆರಿಯೋಮೈಸಿನ್, ಇವೆಲ್ಲವೂ ಇವರ ನಿರ್ದೇಶನದ ಪ್ರಯೋಗಾಲಯದಿಂದ ಹೊರಬಂದವು. ಕ್ಯಾನ್ಸರ್‌ಗೆ ಬಳಸುವ ಮೆಥೋಟ್ರೆಕ್ಸೇಟ್ ಔಷಧದ ಮೂಲವೂ ಇದೇ ಪ್ರಯೋಗಾಲಯ. ಬಾಯಿ, ಗಂಟಲು ಮತ್ತು ಕುತ್ತಿಗೆಯ ಭಾಗದ ಮುಂದುವರಿದ ಹಂತದ ಕ್ಯಾನ್ಸರ್‌ಗೆ ನೀಡುವ ಔಷಧ ಚಿಕಿತ್ಸೆಯ ಇತಿಹಾಸ ಈ ಔಷಧದೊಂದಿಗೆ ನಿಕಟವಾಗಿ ಬೆಸೆದುಕೊಂಡಿದೆ.

ಬಾಲ್ಯ ಮತ್ತು ಶಿಕ್ಷಣ

ಸುಬ್ಬರಾವ್ ಅಂದಿನ ಮದ್ರಾಸ್ ಪ್ರಾಂತ್ಯದ, ಇಂದಿನ ಆಂಧ್ರಪ್ರದೇಶದ ಭೀಮಾವರಂನಲ್ಲಿ ತೆಲುಗು ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಜಗನ್ನಾಥಂ ಕಂದಾಯ ಇಲಾಖೆಯಲ್ಲಿದ್ದವರು. ಅನಾರೋಗ್ಯದಿಂದ ಅವಧಿಗೆ ಮುನ್ನವೇ ಕೆಲಸ ಬಿಡಬೇಕಾಯಿತು. ಮನೆಯ ಭಾರವನ್ನು ಹೊತ್ತವರು ತಾಯಿ ವೆಂಕಮ್ಮ. ಹುಡುಗನಿಗೆ ಓದಿನಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಹದಿಮೂರರ ಸುಮಾರಿಗೆ, ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸಬಹುದೆಂದು ನಂಬಿ ಕಾಶಿಗೆ ಹೊರಟುಹೋದ ಮಗನನ್ನು ತಾಯಿ ಮರಳಿ ಕರೆಸಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣರಾಗಿ, ಮೂರನೆಯ ಪ್ರಯತ್ನದಲ್ಲಿ ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ ತೇರ್ಗಡೆಯಾದರು. ಆ ಓದಿನ ಖರ್ಚಿಗಾಗಿ ತಾಯಿ ತಮ್ಮ ಒಡವೆಗಳನ್ನು ಮಾರಿದ್ದರು.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗ ರಾಮಕೃಷ್ಣ ಮಿಷನ್ ಸೇರಿ ಸನ್ಯಾಸಿಯಾಗುವ ಹಂಬಲ ಅವರಲ್ಲಿ ಬಲವಾಗಿತ್ತು. ತಾಯಿಯ ಒಪ್ಪಿಗೆ ಬೇಕೆಂದು ಮಿಷನ್ ತಿಳಿಸಿತು, ತಾಯಿ ಒಪ್ಪಲಿಲ್ಲ. ಹೀಗೆ ಸುಬ್ಬರಾವ್ ಮದ್ರಾಸ್ ವೈದ್ಯಕೀಯ ಕಾಲೇಜಿಗೆ ಬಂದರು. 1919ರಲ್ಲಿ ಶೇಷಗಿರಿ ಅವರೊಂದಿಗೆ ವಿವಾಹವಾಯಿತು. ಮಾವ ಕಸ್ತೂರಿ ಸೂರ್ಯನಾರಾಯಣ ಮೂರ್ತಿ ಅವರು ಅಳಿಯನ ವ್ಯಾಸಂಗಕ್ಕೆ ಹಣದ ನೆರವು ನೀಡಿದರು.

ಗಾಂಧೀಜಿಯವರ ಕರೆಯಿಂದ ಪ್ರಭಾವಿತರಾದ ಅವರು ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಖಾದಿಯ ಮೇಲಂಗಿ ತೊಡುತ್ತಿದ್ದರು. ಇದು ಪ್ರಾಧ್ಯಾಪಕ ಎಂ. ಸಿ. ಬ್ರಾಡ್‌ಫೀಲ್ಡ್ ಅವರ ಅಸಮಾಧಾನಕ್ಕೆ ಕಾರಣವಾಯಿತು. ಲಿಖಿತ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ್ದರೂ ಸುಬ್ಬರಾವ್ ಅವರಿಗೆ ದೊರೆತದ್ದು ಪೂರ್ಣ ಎಂ.ಬಿ.ಬಿ.ಎಸ್. ಪದವಿಯಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪ್ರಮಾಣಪತ್ರ. ಮದ್ರಾಸ್ ವೈದ್ಯಕೀಯ ಸೇವೆಗೆ ಸೇರುವ ಪ್ರಯತ್ನವೂ ಫಲಿಸಲಿಲ್ಲ. ಕೊನೆಗೆ ಆಚಂಟ ಲಕ್ಷ್ಮೀಪತಿ ಅವರು ನಡೆಸುತ್ತಿದ್ದ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಅಧ್ಯಾಪಕರಾದರು.

ಈ ನಡುವೆ ಮನೆಯಲ್ಲಿ ಸಂಭವಿಸಿದ ಸಾವುಗಳು ಅವರ ಮುಂದಿನ ಬದುಕಿನ ದಿಕ್ಕನ್ನೇ ನಿರ್ಧರಿಸಿದವು. ಅವರ ಇಬ್ಬರು ಸಹೋದರರು ಎಂಟು ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ಕಾಯಿಲೆಗೆ ಬಲಿಯಾದರು. ಉಷ್ಣವಲಯದಲ್ಲಿ ಕಂಡುಬರುವ ಈ ರೋಗದಲ್ಲಿ ಕರುಳು ಆಹಾರದ ಸತ್ವವನ್ನು ಹೀರಿಕೊಳ್ಳದೆ ಹೋಗುತ್ತದೆ. ಭೇದಿ ಮತ್ತು ರಕ್ತಹೀನತೆಯಿಂದ ರೋಗಿ ಸೊರಗುತ್ತಾನೆ. ಸುಬ್ಬರಾವ್ ಅವರಿಗೂ ಅದೇ ರೋಗ ತಗುಲಿತ್ತು. ಆಗಿನ ಪಾಶ್ಚಾತ್ಯ ವೈದ್ಯದಲ್ಲಿ ಅದಕ್ಕೆ ಮದ್ದಿರಲಿಲ್ಲ. ಲಕ್ಷ್ಮೀಪತಿ ಅವರ ಆಯುರ್ವೇದ ಚಿಕಿತ್ಸೆಯಿಂದ ಅವರು ಚೇತರಿಸಿಕೊಂಡರು. ಎರಡು ದಶಕಗಳ ನಂತರ ಅವರ ತಂಡ ಸಂಶ್ಲೇಷಿಸಿದ ಫೋಲಿಕ್ ಆಮ್ಲವು ಇದೇ ಸ್ಪ್ರೂ ರೋಗದ ರಕ್ತಹೀನತೆಗೆ ಮದ್ದಾಯಿತು.

ಅಮೆರಿಕಕ್ಕೆ ಪಯಣ

ಕಾಕಿನಾಡದ ಮಲ್ಲಾಡಿ ಸತ್ಯಲಿಂಗ ನಾಯ್ಕರ್ ದತ್ತಿಯ ನೆರವು ಮತ್ತು ಮಾವನವರ ಹಣದ ಬಲದಿಂದ ಸುಬ್ಬರಾವ್ 1920ರ ದಶಕದ ಆರಂಭದಲ್ಲಿ ಬಾಸ್ಟನ್ ತಲುಪಿದರು. ಹಾರ್ವರ್ಡ್‌ನ ಉಷ್ಣವಲಯ ವೈದ್ಯಶಾಲೆಯಲ್ಲಿ ಡಿಪ್ಲೊಮಾ ಪಡೆದರು. ಆದರೆ ಅವರ ಭಾರತೀಯ ಅರ್ಹತೆಯನ್ನು ವೈದ್ಯವೃತ್ತಿಗೆ ಮಾನ್ಯ ಮಾಡದ ಕಾರಣ, ಹೊಟ್ಟೆಪಾಡಿಗಾಗಿ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವ ರಾತ್ರಿಪಾಳಿಯ ಕೆಲಸ ಮಾಡಿದರು. ಹೆಂಡತಿಗೆ ಕೆಲವೇ ವರ್ಷಗಳಲ್ಲಿ ಮರಳುವುದಾಗಿ ಹೇಳಿ ಹೊರಟಿದ್ದ ಅವರು ಭಾರತಕ್ಕೆ ಮತ್ತೆಂದೂ ಬರಲಿಲ್ಲ. ಅವರು ಹೊರಟ ನಂತರ ಹುಟ್ಟಿದ ಗಂಡುಮಗು ಶೈಶವದಲ್ಲೇ ತೀರಿಕೊಂಡಿತು.

ಹಾರ್ವರ್ಡ್‌ನ ವರ್ಷಗಳು

ಹಾರ್ವರ್ಡ್ ವೈದ್ಯಕೀಯ ಶಾಲೆಯ ಜೀವರಸಾಯನ ವಿಭಾಗದಲ್ಲಿ ಸುಬ್ಬರಾವ್ ಅವರು ಸೈರಸ್ ಫಿಸ್ಕ್ ಅವರೊಂದಿಗೆ ಕೆಲಸ ಆರಂಭಿಸಿದರು. ರಕ್ತ ಮತ್ತು ಮೂತ್ರದಲ್ಲಿರುವ ರಂಜಕದ ಪ್ರಮಾಣವನ್ನು ಅಳೆಯಲು ಇವರಿಬ್ಬರು ರೂಪಿಸಿದ ವಿಧಾನ 1925ರಲ್ಲಿ ಪ್ರಕಟವಾಯಿತು. ಮಾಲಿಬ್ಡೇಟ್ ಸೇರಿಸಿದಾಗ ಉಂಟಾಗುವ ನೀಲಿ ಬಣ್ಣದ ಗಾಢತೆಯಿಂದ ರಂಜಕವನ್ನು ಲೆಕ್ಕ ಹಾಕುವ ಈ ಕ್ರಮವು ಫಿಸ್ಕ್–ಸುಬ್ಬರಾವ್ ವಿಧಾನವೆಂದೇ ಪ್ರಸಿದ್ಧವಾಗಿದ್ದು, ಜೀವರಸಾಯನ ಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಅದನ್ನು ಪ್ರಯೋಗಾಲಯದಲ್ಲಿ ಮಾಡುತ್ತಾರೆ.

ಈ ಅಳತೆಯೇ ದೊಡ್ಡ ಶೋಧಕ್ಕೆ ದಾರಿಯಾಯಿತು. ಸ್ನಾಯುವಿನ ಸಾರದಲ್ಲಿ ನೀಲಿ ಬಣ್ಣ ನಿರೀಕ್ಷಿಸಿದ ವೇಗದಲ್ಲಿ ಮೂಡದೆ ನಿಧಾನವಾಗಿ ಏರುತ್ತಿತ್ತು. ಆಮ್ಲದಲ್ಲಿ ತಾನಾಗಿ ಒಡೆಯುವ ಯಾವುದೋ ರಂಜಕ ಸಂಯುಕ್ತ ಅಲ್ಲಿರಬೇಕೆಂದು ಊಹಿಸಿ ಹುಡುಕಿದಾಗ ಸಿಕ್ಕಿದ್ದು ಫಾಸ್ಫೋಕ್ರಿಯಾಟಿನ್ (1927). ಇಂಗ್ಲೆಂಡಿನಲ್ಲಿ ಎಗಲ್ಟನ್ ದಂಪತಿಗಳು ಅದೇ ವರ್ಷ ಸ್ವತಂತ್ರವಾಗಿ ಇದೇ ವಸ್ತುವಿನ ಸುಳಿವು ಹಿಡಿದಿದ್ದರು. 1929ರಲ್ಲಿ ಫಿಸ್ಕ್ ಮತ್ತು ಸುಬ್ಬರಾವ್ ಎಟಿಪಿಯನ್ನು ವರದಿ ಮಾಡಿದರು. ಜರ್ಮನಿಯ ಕಾರ್ಲ್ ಲೋಮನ್ ಕೂಡ ಅದೇ ವರ್ಷ ಅದನ್ನು ಪ್ರತ್ಯೇಕವಾಗಿ ಕಂಡುಕೊಂಡರು. ಸ್ನಾಯು ಸಂಕುಚನಕ್ಕೆ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂಬ ಅಂದಿನ ನಂಬಿಕೆ ಈ ಶೋಧಗಳಿಂದ ಕುಸಿಯಿತು. 1930ರಲ್ಲಿ ಸುಬ್ಬರಾವ್ ಪಿಎಚ್.ಡಿ. ಪಡೆದರು.

ಇಷ್ಟಾದರೂ ಹಾರ್ವರ್ಡ್‌ನಲ್ಲಿ ಅವರಿಗೆ ಖಾಯಂ ಹುದ್ದೆ ದೊರೆಯಲಿಲ್ಲ. ಅವರು ಬೇರ್ಪಡಿಸಿದ್ದ ಕೆಲವು ನ್ಯೂಕ್ಲಿಯೊಟೈಡ್‌ಗಳನ್ನು ವರ್ಷಗಳ ನಂತರ ಇತರರು ಮರುಶೋಧಿಸಬೇಕಾಯಿತು. ಇದಕ್ಕೆ ಫಿಸ್ಕ್ ಅವರ ಮತ್ಸರವೇ ಕಾರಣವಾಗಿರಬೇಕೆಂದು, ಅದೇ ವಿಭಾಗದಲ್ಲಿ ಓದಿ 1988ರಲ್ಲಿ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್ ಅಭಿಪ್ರಾಯಪಟ್ಟಿದ್ದರು. ಸುಬ್ಬರಾವ್ ಅವರ ಸ್ವಭಾವವೂ ತಮ್ಮನ್ನು ಮುಂದೆ ಮಾಡಿಕೊಳ್ಳುವಂಥದ್ದಾಗಿರಲಿಲ್ಲ.

ಲೆಡರ್ಲೆ ಪ್ರಯೋಗಾಲಯ

1940ರಲ್ಲಿ ಸುಬ್ಬರಾವ್ ಹಾರ್ವರ್ಡ್ ಬಿಟ್ಟು, ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಪ್ರಯೋಗಾಲಯಕ್ಕೆ ಸೇರಿದರು. ಇದು ಅಮೆರಿಕನ್ ಸಯನಾಮಿಡ್ ಕಂಪನಿಯ ಅಂಗ. ಬೇಗನೆ ಅವರು ಸಂಶೋಧನೆಯ ನಿರ್ದೇಶಕರಾದರು. ರಸಾಯನಜ್ಞರು, ಸೂಕ್ಷ್ಮಜೀವಿ ತಜ್ಞರು, ಪ್ರಾಣಿಗಳ ಮೇಲೆ ಪ್ರಯೋಗ ನಡೆಸುವವರು, ಆಸ್ಪತ್ರೆಯ ವೈದ್ಯರು ಇವರೆಲ್ಲರನ್ನು ಒಂದೇ ಸಮಸ್ಯೆಯ ಸುತ್ತ ಕೂಡಿಸುವುದು ಅವರ ಪದ್ಧತಿಯಾಗಿತ್ತು. ಪ್ರಕಟಣೆಗಳಲ್ಲಿ ತಮ್ಮ ಹೆಸರನ್ನು ಹಲವು ಬಾರಿ ಕೈಬಿಡುತ್ತಿದ್ದುದರಿಂದ, ಯಾವ ಶೋಧದಲ್ಲಿ ಅವರ ಪಾಲು ಎಷ್ಟೆಂದು ನಿಖರವಾಗಿ ಬೇರ್ಪಡಿಸುವುದು ಸುಲಭವಲ್ಲ. ಕೆಳಗೆ ಹೇಳಿರುವ ಔಷಧಗಳನ್ನು ಅವರೊಬ್ಬರೇ ಕಂಡುಹಿಡಿದರೆಂಬ ಜನಪ್ರಿಯ ಬರಹಗಳ ಮಾತು ಈ ಕಾರಣಕ್ಕೆ ಸರಿಯಲ್ಲ. ಅವು ಅವರ ಮಾರ್ಗದರ್ಶನದಲ್ಲಿ ದುಡಿದ ತಂಡಗಳ ಫಲ.

ಆರಿಯೋಮೈಸಿನ್ ಇದಕ್ಕೊಂದು ನಿದರ್ಶನ. ವಿಶ್ವವಿದ್ಯಾಲಯದಿಂದ ನಿವೃತ್ತರಾಗಿ ಎಪ್ಪತ್ತು ದಾಟಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್ ಅವರು ಲೆಡರ್ಲೆಯಲ್ಲಿ ಕೆಲಸ ಮಾಡುತ್ತಾ ಮಿಸೌರಿಯ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಈ ಪ್ರತಿಜೀವಕವನ್ನು ಪಡೆದರು. 1947ರಲ್ಲಿ ಬೆಳಕಿಗೆ ಬಂದ ಡೈಈಥೈಲ್‌ಕಾರ್ಬಮಜೀನ್ ಇನ್ನೊಂದು. ಹೆಟ್ರಜಾನ್ ಎಂಬ ಹೆಸರಿನಲ್ಲಿ ಮಾರಾಟವಾದ ಈ ಔಷಧ ರಕ್ತದಲ್ಲಿರುವ ಫೈಲೇರಿಯಾ ಹುಳುವಿನ ಮರಿಗಳನ್ನು ಕೊಲ್ಲುತ್ತದೆ. ಭಾರತದ ಆನೆಕಾಲು ರೋಗ ನಿಯಂತ್ರಣ ಕಾರ್ಯಕ್ರಮ ಈ ಮಾತ್ರೆಯನ್ನೇ ಆಧರಿಸಿದೆ. ಕರ್ನಾಟಕದ ಕರಾವಳಿ ಮತ್ತು ಕಲಬುರಗಿ ಸೀಮೆಯ ಜಿಲ್ಲೆಗಳಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹಂಚುತ್ತಾ ಬಂದ ಡಿಇಸಿ ಗುಳಿಗೆ ಇದೇ.

ಫೋಲಿಕ್ ಆಮ್ಲ

1930ರ ಆಸುಪಾಸಿನಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಯ ಗಿರಣಿ ಕಾರ್ಮಿಕ ಗರ್ಭಿಣಿಯರಲ್ಲಿ ಕಾಣುತ್ತಿದ್ದ ತೀವ್ರ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುವುದನ್ನು ತೋರಿಸಿದ್ದರು. ಯೀಸ್ಟ್ ಮತ್ತು ಯಕೃತ್ತಿನಲ್ಲಿದ್ದ ಈ ಅಜ್ಞಾತ ಅಂಶಕ್ಕೆ, ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದವರು 1941ರಲ್ಲಿ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಎಲೆಗೆ ಫೋಲಿಯಂ ಎನ್ನುತ್ತಾರೆ. ಆದರೆ ಟನ್‌ಗಟ್ಟಲೆ ಸೊಪ್ಪಿನಿಂದ ದೊರೆಯುತ್ತಿದ್ದುದು ಅತ್ಯಲ್ಪ. ಔಷಧವಾಗಬೇಕಾದರೆ ಅದನ್ನು ರಾಸಾಯನಿಕವಾಗಿ ತಯಾರಿಸಬೇಕಿತ್ತು. ಲೆಡರ್ಲೆಯ ತಂಡ 1945ರಲ್ಲಿ ಅದರ ಸಂಶ್ಲೇಷಣೆಯನ್ನು ಪ್ರಕಟಿಸಿತು.

ಯಕೃತ್ತಿನ ಸಾರದಲ್ಲಿ ಸುಬ್ಬರಾವ್ ಮೂಲತಃ ಅರಸಿದ್ದು ಮಾರಕ ರಕ್ತಹೀನತೆಯನ್ನು ಗುಣಪಡಿಸುವ ಅಂಶವನ್ನು. ಅದು ಫೋಲಿಕ್ ಆಮ್ಲವಾಗಿರದೆ ವಿಟಮಿನ್ ಬಿ12 ಆಗಿತ್ತು. 1948ರಲ್ಲಿ ಅದನ್ನು ಹರಳಿನ ರೂಪದಲ್ಲಿ ಪಡೆದವರು ಬೇರೆಯವರು.

ಫೋಲಿಕ್ ಆಮ್ಲದ ವಿರೋಧಿಗಳು

ಜೀವಕೋಶ ವಿಭಜನೆಯಾಗುವ ಮೊದಲು ತನ್ನ ಡಿಎನ್‌ಎಯನ್ನು ದ್ವಿಗುಣಗೊಳಿಸಬೇಕು. ಅದಕ್ಕೆ ಬೇಕಾದ ಘಟಕಗಳನ್ನು ಕಟ್ಟಲು ಫೋಲಿಕ್ ಆಮ್ಲದಿಂದ ಉಂಟಾಗುವ ಸಹಕಿಣ್ವ ಅವಶ್ಯಕ. ಬೇಗ ಬೇಗ ವಿಭಜಿಸುವ ಕ್ಯಾನ್ಸರ್ ಕೋಶಗಳಲ್ಲಿ ಈ ಬೇಡಿಕೆ ಹೆಚ್ಚು. 1940ರ ದಶಕದ ನಡುವಿನಲ್ಲಿ ಈ ತಿಳಿವಳಿಕೆ ಇನ್ನೂ ಮಸುಕಾಗಿತ್ತು. ನ್ಯೂಯಾರ್ಕ್‌ನ ಮೌಂಟ್ ಸೈನಾಯ್ ಆಸ್ಪತ್ರೆಯಲ್ಲಿ ರಿಚರ್ಡ್ ಲೆವಿಸೋನ್ ಅವರ ತಂಡ ಇಲಿಗಳ ಸ್ತನದ ಗಡ್ಡೆಗಳು ಫೋಲಿಕ್ ಆಮ್ಲದ ಸಂಬಂಧಿ ವಸ್ತುಗಳಿಂದ ಕರಗುವುದನ್ನು ಕಂಡಿತ್ತು. ಲೆಡರ್ಲೆಯು ಮೂರು ಗ್ಲುಟಾಮಿಕ್ ಆಮ್ಲದ ಕೊಂಡಿಗಳಿದ್ದ ಫೋಲಿಕ್ ಸಂಯುಕ್ತವನ್ನು ತಯಾರಿಸಿ ಟೆರಾಪ್ಟೆರಿನ್ ಎಂದು ಹೆಸರಿಸಿತು.

ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್ ಈ ವಸ್ತುಗಳನ್ನು ರಕ್ತಕ್ಯಾನ್ಸರ್ ಇದ್ದ ಮಕ್ಕಳಿಗೂ ನೀಡಿದರು. ಫಲಿತಾಂಶ ತಿರುವುಮುರುವಾಗಿತ್ತು. ರೋಗ ಇಳಿಯುವ ಬದಲು ಉಲ್ಬಣಿಸಿತು. ಫೋಲಿಕ್ ಆಮ್ಲ ಕ್ಯಾನ್ಸರ್ ಕೋಶವನ್ನು ಪೋಷಿಸುವುದಾದರೆ, ಅದನ್ನು ತಡೆಯುವ ವಸ್ತು ಕೋಶವನ್ನು ಕೊಲ್ಲಬೇಕಲ್ಲವೇ ಎಂಬ ತರ್ಕ ಇಲ್ಲಿಂದ ಹುಟ್ಟಿತು. ಅಂಥ ವಿರೋಧಿಗಳನ್ನು ಸುಬ್ಬರಾವ್ ಅವರ ತಂಡ ಒದಗಿಸಿತು. ಡೋರಿಸ್ ಸೀಗರ್ ಮತ್ತು ಸಂಗಡಿಗರು ಫೋಲಿಕ್ ಅಣುವಿನ ಒಂದು ಹೈಡ್ರಾಕ್ಸಿಲ್ ಗುಂಪಿನ ಜಾಗದಲ್ಲಿ ಅಮೈನೊ ಗುಂಪನ್ನು ಇರಿಸಿ ಅಮೈನೊಪ್ಟೆರಿನ್ ತಯಾರಿಸಿದರು. ಜೀವಕೋಶ ಅದನ್ನು ಫೋಲಿಕ್ ಆಮ್ಲವೆಂದೇ ಭ್ರಮಿಸಿ ಒಳಗೆ ಬಿಟ್ಟುಕೊಳ್ಳುತ್ತದೆ. ಒಳಹೊಕ್ಕ ಅಣು ಕಿಣ್ವಕ್ಕೆ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ. 1947ರ ಕೊನೆಯಲ್ಲಿ ಫಾರ್ಬರ್ ಅದನ್ನು ಬಳಸಲಾರಂಭಿಸಿದರು. 1948ರ ಜೂನ್‌ನಲ್ಲಿ ಪ್ರಕಟವಾದ ವರದಿಯಲ್ಲಿ 16 ಮಕ್ಕಳ ಪೈಕಿ 10 ಮಂದಿಯಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿತ್ತು. ರಕ್ತಕ್ಯಾನ್ಸರ್‌ಗೆ ಔಷಧದಿಂದ ಇಷ್ಟು ಸ್ಪಷ್ಟ ಪ್ರತಿಕ್ರಿಯೆ ದೊರೆತದ್ದು ಅಪೂರ್ವವಾಗಿತ್ತು. ಇದೇ ಅಣುವಿಗೆ ಒಂದು ಮೀಥೈಲ್ ಗುಂಪು ಸೇರಿಸಿ ಮಾಡಿದ್ದು ಅಮೆಥೊಪ್ಟೆರಿನ್. ವಿಷಗುಣವನ್ನು ಊಹಿಸಲು ಮತ್ತು ಹತೋಟಿಯಲ್ಲಿಡಲು ಹೆಚ್ಚು ಅನುಕೂಲವಾದ ಈ ಔಷಧ ಮುಂದೆ ಮೆಥೋಟ್ರೆಕ್ಸೇಟ್ ಎಂಬ ಹೆಸರಿನಲ್ಲಿ ಉಳಿದುಕೊಂಡಿತು.

ಬೇಬ್ ರೂತ್ ಅವರ ಚಿಕಿತ್ಸೆ

ಟೆರಾಪ್ಟೆರಿನ್ ಪಡೆದ ರೋಗಿಗಳಲ್ಲಿ ಅಮೆರಿಕದ ಬೇಸ್‌ಬಾಲ್ ಆಟಗಾರ ಬೇಬ್ ರೂತ್ ಅತ್ಯಂತ ಪ್ರಸಿದ್ಧರು. ನಮ್ಮಲ್ಲಿ ಕ್ರಿಕೆಟಿಗರಿಗಿರುವ ಜನಪ್ರಿಯತೆಯನ್ನು ನೆನೆದರೆ ಅಲ್ಲಿ ಅವರಿಗಿದ್ದ ಸ್ಥಾನ ಅರ್ಥವಾಗುತ್ತದೆ. ಸುಬ್ಬರಾವ್ ಅವರಂತೆ ಅವರೂ 1895ರಲ್ಲಿ ಹುಟ್ಟಿದವರು. 1946ರಲ್ಲಿ ಅವರಿಗೆ ದನಿ ಒಡೆಯಿತು, ಎಡಗಣ್ಣಿನ ಹಿಂದೆ ತೀವ್ರ ನೋವು ಕಾಣಿಸಿಕೊಂಡಿತು. ಕುತ್ತಿಗೆಯ ಎಡಭಾಗದಲ್ಲಿ ಮಿದುಳಿಗೆ ರಕ್ತ ಒಯ್ಯುವ ಮುಖ್ಯ ಧಮನಿಯನ್ನು ಗಡ್ಡೆ ಸುತ್ತುವರಿದಿದ್ದರಿಂದ ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ಪೂರ್ತಿ ತೆಗೆಯಲಾಗಲಿಲ್ಲ. ವಿಕಿರಣ ಚಿಕಿತ್ಸೆಯನ್ನೂ ನೀಡಲಾಯಿತು. ನುಂಗಲಾಗದೆ ಅವರ ತೂಕ ಬಹಳ ಇಳಿಯಿತು.

1947ರ ಜೂನ್ 29ರಂದು ಟೆರಾಪ್ಟೆರಿನ್ ಚುಚ್ಚುಮದ್ದು ಆರಂಭವಾಯಿತು. ಸುಮಾರು ಆರು ವಾರ ದಿನವೂ ನೀಡಲಾಯಿತು. ಅಲ್ಲಿಯವರೆಗೆ ಈ ಔಷಧವನ್ನು ಮನುಷ್ಯರಿಗೆ ಕೊಟ್ಟದ್ದು ತೀರ ಕಡಿಮೆ. ನೋವು ಇಳಿಯಿತು, ಕುತ್ತಿಗೆಯ ದುಗ್ಧಗ್ರಂಥಿಗಳು ಕರಗಿದವು, ರೂತ್ ಮತ್ತೆ ಆಹಾರ ಸೇವಿಸಲಾರಂಭಿಸಿದರು, ತೂಕ ಏರಿತು. ಆ ಸೆಪ್ಟೆಂಬರ್‌ನಲ್ಲಿ ಸೇಂಟ್ ಲೂಯಿಸ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಮ್ಮೇಳನದಲ್ಲಿ ಅವರ ಪ್ರಕರಣವನ್ನು ಹೆಸರು ಹೇಳದೆ ಮಂಡಿಸಲಾಯಿತು. ಸುಧಾರಣೆ ನಿಲ್ಲಲಿಲ್ಲ, ರೋಗ ಮರುಕಳಿಸಿತು. 1948ರ ಆಗಸ್ಟ್ 16ರಂದು ಅವರು ನಿಧನರಾದರು. ಗಡ್ಡೆ ಮೊದಲು ಹುಟ್ಟಿದ್ದು ಧ್ವನಿಪೆಟ್ಟಿಗೆಯಲ್ಲಿ ಅಲ್ಲ, ಮೂಗಿನ ಹಿಂಬದಿಯ ಗಂಟಲಿನಲ್ಲಿ ಎಂಬುದು ಶವಪರೀಕ್ಷೆಯಿಂದ ತಿಳಿಯಿತು. ಈ ಭಾಗದ ಕ್ಯಾನ್ಸರ್‌ಗೆ ವಿಕಿರಣ ಮತ್ತು ಔಷಧ ಎರಡನ್ನೂ ಪಡೆದ ಆರಂಭಿಕ ರೋಗಿಗಳಲ್ಲಿ ರೂತ್ ಒಬ್ಬರು. ಮಕ್ಕಳಲ್ಲಿ ರಕ್ತಕ್ಯಾನ್ಸರನ್ನು ಕೆರಳಿಸಿದ ವಸ್ತುವೇ ಅವರ ಗಡ್ಡೆಯನ್ನು ಕರಗಿಸಿದಂತೆ ಕಂಡದ್ದು ವೈದ್ಯಕೀಯ ಇತಿಹಾಸಕಾರರನ್ನು ಇಂದಿಗೂ ಕಾಡುವ ಒಗಟು.

ನಿಧನ

ರೂತ್ ಅವರಿಗಿಂತ ಎಂಟು ದಿನ ಮೊದಲು, ಆಗಸ್ಟ್ 8ರಂದು, ಸುಬ್ಬರಾವ್ ನಿದ್ರೆಯಲ್ಲಿಯೇ ಹೃದಯಾಘಾತದಿಂದ ತೀರಿಕೊಂಡಿದ್ದರು. ಅವರಿಗೆ 53 ವರ್ಷ. ಫಾರ್ಬರ್ ಅವರ ವರದಿ ಪ್ರಕಟವಾಗಿ ಎರಡು ತಿಂಗಳಾಗಿತ್ತು. ಅಮೆರಿಕದ ಪೌರತ್ವವನ್ನು ಅವರು ಕೊನೆಯವರೆಗೂ ಪಡೆದಿರಲಿಲ್ಲ. ಶೇಷಗಿರಿ ಭಾರತದಲ್ಲಿಯೇ ಉಳಿದಿದ್ದರು.

ತಲೆ–ಕುತ್ತಿಗೆ ಕ್ಯಾನ್ಸರ್‌ನಲ್ಲಿ ಮೆಥೋಟ್ರೆಕ್ಸೇಟ್

ಬಾಯಿ, ನಾಲಿಗೆ, ಗಂಟಲು ಮತ್ತು ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಆರಂಭದಲ್ಲಿ ಪತ್ತೆಯಾದರೆ ಶಸ್ತ್ರಚಿಕಿತ್ಸೆ ಅಥವಾ ವಿಕಿರಣದಿಂದ ಗುಣಪಡಿಸಲು ಸಾಧ್ಯ. ಅವೆರಡರ ನಂತರವೂ ಮರುಕಳಿಸಿದಾಗ ಅಥವಾ ದೂರದ ಅಂಗಗಳಿಗೆ ಹರಡಿದಾಗ ಉಳಿಯುವ ಮುಖ್ಯ ದಾರಿ ಔಷಧ ಚಿಕಿತ್ಸೆ. ಇಂಥ ರೋಗಿಗಳಿಗೆ ಮೆಥೋಟ್ರೆಕ್ಸೇಟನ್ನು 1950ರ ದಶಕದಿಂದಲೇ ಪ್ರಯೋಗಿಸಲಾಯಿತು. ಗಡ್ಡೆಗೆ ರಕ್ತ ಒಯ್ಯುವ ಧಮನಿಗೇ ಔಷಧ ಹಾಯಿಸಿ, ದೇಹದ ಉಳಿದ ಭಾಗವನ್ನು ಕಾಪಾಡಲು ಅದರ ಪ್ರತ್ಯೌಷಧವಾದ ಫೋಲಿನಿಕ್ ಆಮ್ಲವನ್ನು ಚುಚ್ಚುಮದ್ದಾಗಿ ಕೊಡುವ ಕ್ರಮವೂ ಆಗ ಬಂದಿತು. ಕಾಲಾನಂತರ ವಾರಕ್ಕೊಮ್ಮೆ ನೀಡುವ ಸರಳ ಚುಚ್ಚುಮದ್ದು ರೂಢಿಯಾಯಿತು. ಬಾಯಿಹುಣ್ಣು ಮತ್ತು ಮಜ್ಜೆಯ ಕುಗ್ಗುವಿಕೆ ಇದರ ಮುಖ್ಯ ಅಡ್ಡಪರಿಣಾಮಗಳು. ಮೊದಲೇ ನುಂಗಲು ಕಷ್ಟಪಡುವ ಈ ರೋಗಿಗಳಿಗೆ ಬಾಯಿಹುಣ್ಣು ಸಣ್ಣ ತೊಂದರೆಯಲ್ಲ.

1970ರ ದಶಕದ ನಂತರ ಸಿಸ್‌ಪ್ಲಾಟಿನ್ ಮುಂದಾಯಿತು. 1992ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಸಿಸ್‌ಪ್ಲಾಟಿನ್ ಮತ್ತು ಫ್ಲೋರೋಯುರಾಸಿಲ್ ಜೋಡಿಗೆ ಶೇ. 32ರಷ್ಟು ರೋಗಿಗಳ ಗಡ್ಡೆ ಕುಗ್ಗಿದರೆ, ಮೆಥೋಟ್ರೆಕ್ಸೇಟ್‌ಗೆ ಶೇ. 10ರಷ್ಟು ಮಾತ್ರ. ಆದರೂ ಬದುಕುಳಿದ ಅವಧಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ, ವಿಷಪರಿಣಾಮ ಮಾತ್ರ ಜೋಡಿ ಔಷಧದಲ್ಲಿ ಹೆಚ್ಚಾಗಿತ್ತು. ಗಡ್ಡೆ ಕುಗ್ಗುವುದಕ್ಕೂ ಆಯಸ್ಸು ಹೆಚ್ಚುವುದಕ್ಕೂ ಇರುವ ಅಂತರವನ್ನು ಈ ಫಲಿತಾಂಶ ತೋರಿಸಿತು. 2016ರಲ್ಲಿ ನಿವೊಲುಮ್ಯಾಬ್ ಎಂಬ ರೋಗನಿರೋಧಕ ಔಷಧವನ್ನು ಪರೀಕ್ಷಿಸಿದಾಗಲೂ ಹೋಲಿಕೆಗೆ ಬಳಸಿದ ಔಷಧಗಳಲ್ಲಿ ಮೆಥೋಟ್ರೆಕ್ಸೇಟ್ ಒಂದಾಗಿತ್ತು.

ಹೊಗೆಸೊಪ್ಪು, ಗುಟ್ಕಾ ಮತ್ತು ಅಡಿಕೆ ಜಗಿಯುವ ಅಭ್ಯಾಸದಿಂದಾಗಿ ಕರ್ನಾಟಕವೂ ಸೇರಿದಂತೆ ಭಾರತದಲ್ಲಿ ಬಾಯಿಯ ಕ್ಯಾನ್ಸರ್ ಹೆಚ್ಚು. ಬಹುಪಾಲು ರೋಗಿಗಳು ತಡವಾಗಿ ಆಸ್ಪತ್ರೆಗೆ ಬರುತ್ತಾರೆ. ಹೊಸ ಔಷಧಗಳ ಬೆಲೆ ಅವರ ಕೈಗೆಟುಕದು. ಈ ಹಿನ್ನೆಲೆಯಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಕಡಿಮೆ ಪ್ರಮಾಣದ ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೊಮ್ಮೆ, ನೋವುನಿವಾರಕ ಸೆಲೆಕಾಕ್ಸಿಬ್ ಅನ್ನು ದಿನಕ್ಕೆರಡು ಬಾರಿ ನೀಡುವ ಕ್ರಮವನ್ನು ಸಿಸ್‌ಪ್ಲಾಟಿನ್‌ನೊಂದಿಗೆ ಹೋಲಿಸಿದರು. 422 ರೋಗಿಗಳ ಈ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಮಾತ್ರೆ ಪಡೆದವರ ಮಧ್ಯಾಂಕ ಜೀವಿತಾವಧಿ 7.5 ತಿಂಗಳು, ಸಿಸ್‌ಪ್ಲಾಟಿನ್ ಪಡೆದವರದು 6.1 ತಿಂಗಳು. ತೀವ್ರ ಅಡ್ಡಪರಿಣಾಮಗಳೂ ಮಾತ್ರೆಯ ಗುಂಪಿನಲ್ಲಿ ಕಡಿಮೆ ಇದ್ದವು. ಎರಡು ವರ್ಷಗಳ ನಂತರ ಅದೇ ಆಸ್ಪತ್ರೆಯವರು ಮೆಥೋಟ್ರೆಕ್ಸೇಟ್, ಸೆಲೆಕಾಕ್ಸಿಬ್ ಮತ್ತು ಎರ್ಲೊಟಿನಿಬ್ ಮಾತ್ರೆಗಳ ಜೊತೆಗೆ ವಾಡಿಕೆಗಿಂತ ಬಹಳ ಕಡಿಮೆ, ಅಂದರೆ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ನಿವೊಲುಮ್ಯಾಬ್ ಸೇರಿಸಿ ನೋಡಿದರು. ಒಂದು ವರ್ಷ ಬದುಕಿದವರ ಪ್ರಮಾಣ ಶೇ. 16.3ರಿಂದ ಶೇ. 43.4ಕ್ಕೆ ಏರಿತು.

ಸ್ಮರಣೆ

ಸಯನಾಮಿಡ್ ಸಂಸ್ಥೆಯ ವಿಜ್ಞಾನಿಗಳು ಒಂದು ಶಿಲೀಂಧ್ರಕ್ಕೆ ಸುಬ್ಬರೊಮೈಸಿಸ್ ಸ್ಪ್ಲೆಂಡೆನ್ಸ್ ಎಂದು ಅವರ ಹೆಸರಿಟ್ಟರು. ಎಸ್. ಪಿ. ಕೆ. ಗುಪ್ತ ಅವರು ಬರೆದ ಜೀವನಚರಿತ್ರೆ 1987ರಲ್ಲಿ ಪ್ರಕಟವಾಯಿತು. ಜನ್ಮಶತಮಾನೋತ್ಸವದ ವರ್ಷವಾದ 1995ರಲ್ಲಿ ಭಾರತ ಸರ್ಕಾರವು ಅಂಚೆಚೀಟಿಯನ್ನು ಹೊರತಂದಿತು.